ಕಣ್ಸನ್ನೆಯ ಮನೆ

ನಮ್ಮ ಮನೆಯಲ್ಲಿ ಮಾತು ಕಡಿಮೆ. ಹೊಸನಗರದ ಕಡೆಯ ಹಳ್ಳಿ, ಸುತ್ತ ಅಡಿಕೆ ತೋಟ. ನೆಂಟರು ಜಗಲಿಗೆ ಬಂದು ಕೂತರೆ ಅಮ್ಮ ಒಳಬಾಗಿಲಲ್ಲಿ ನಿಂತು ಒಮ್ಮೆ ಹುಬ್ಬು ಏರಿಸುತ್ತಿದ್ದಳು. ನೀರು ಬೆಲ್ಲ ತರಬೇಕು ಎಂದು ಅದರ ಅರ್ಥ. ಊಟದ ಹೊತ್ತಿಗೆ ಕಣ್ಣು ಕಿರಿದು ಮಾಡಿದರೆ ಇನ್ನೊಂದು ಹೋಳಿಗೆಗೆ ಕೈ ಹಾಕುವ ಹಾಗಿಲ್ಲ. ಅಪ್ಪಯ್ಯ ಎಲೆಅಡಿಕೆ ತಟ್ಟೆ ಸರಿಸಿ ಮೋರೆ ಗಂಟು ಹಾಕಿದರೆ ಆ ದಿನ ದುಡ್ಡಿನ ಮಾತು ಎತ್ತಬಾರದು. ಯಾರೂ ಕಲಿಸದೆ ಬಂದ ಭಾಷೆ ಅದು. ನನಗಿಂತ 6 ವರ್ಷ ದೊಡ್ಡವನಾದ ಅಣ್ಣನಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಅಮ್ಮ ಹುಬ್ಬು ಏರಿಸುವ ಮೊದಲೇ ಅವನು ಎದ್ದಿರುತ್ತಿದ್ದ.

1983ರ ಮಳೆಗಾಲದಲ್ಲಿ ಅವನಿಗೆ 22. ಶಿವಮೊಗ್ಗದ ಕಾಲೇಜು ಬಿಟ್ಟು ಮನೆಗೆ ಬಂದ. ರಾತ್ರಿ ತೋಟದಲ್ಲಿ ನಿಂತು ಯಾರೋ ತನ್ನ ಹೆಸರು ಹಿಡಿದು ಬೈಯುತ್ತಾರೆ ಎಂದ. ಹರಕೆ, ತಾಯತ ಎಂದು ಒಂದು ವರ್ಷ ಕಳೆಯಿತು. ಆಮೇಲೆ ಬೆಂಗಳೂರಿನ ಬಸ್ಸು ಹತ್ತಿದೆವು. ಸ್ಕಿಜೋಫ್ರೇನಿಯಾ ಎಂಬ ಹೆಸರು ಕಿವಿಗೆ ಬಿದ್ದದ್ದು ಅಲ್ಲಿ. ಗುಳಿಗೆ, ಹದಿನೈದು ದಿನಕ್ಕೊಂದು ಇಂಜೆಕ್ಷನ್. ಆರು ತಿಂಗಳಲ್ಲಿ ಬೈಯುವವರು ಸುಮ್ಮನಾದರು. ಗುಣವಾಯಿತು ಎಂದೇ ನಾವು ತಿಳಿದೆವು.

ಆದರೆ ಅವನು ಮನೆಯ ಭಾಷೆಯನ್ನು ಕಳೆದುಕೊಂಡಿದ್ದ. ಅಮ್ಮ ಹುಬ್ಬು ಏರಿಸಿದರೆ ಎದ್ದು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ಯಾಕೆ ಅಂದರೆ, "ಹೊರಗೆ ನಡಿ ಅಂದಳಲ್ಲ." ದಾರಿಯಲ್ಲಿ ಯಾರಾದರೂ ಸುಮ್ಮನೆ ನೋಡಿದರೆ "ಗುರಾಯಿಸ್ತಾರೆ" ಎಂದು ಆ ದಾರಿಯನ್ನೇ ಬಿಡುತ್ತಿದ್ದ.

1986ರಲ್ಲಿ ಅಪ್ಪಯ್ಯ ತೀರಿಕೊಂಡರು. ಅಮ್ಮ ಕಂಬಕ್ಕೆ ಒರಗಿ ಅಳುತ್ತಿದ್ದಳು. ಅಣ್ಣ ಎದುರಿಗೆ ಬಂದು ನಿಂತ. "ನನ್ನ ಮೇಲೆ ಯಾಕೆ ಸಿಟ್ಟು? ನಾನೇನು ಮಾಡಿದೆ?" ಎಂದು ಕೇಳಿದ. ಅಮ್ಮನ ಅಳು ನಿಂತುಹೋಯಿತು. ದೊಡ್ಡಪ್ಪ ಅವನ ರಟ್ಟೆ ಹಿಡಿದು ಕೊಟ್ಟಿಗೆಯ ಕಡೆ ಕರೆದುಕೊಂಡು ಹೋದರು. ತಿಥಿ ಮುಗಿಯುವುದರೊಳಗೆ ಆ ಮಾತು ಊರಿಡೀ ತಿರುಗಿತ್ತು. ಅಪ್ಪ ಸತ್ತರೂ ಕರಗದ ಕಲ್ಲು ಎಂದರು. ನಾನೂ ಹಾಗೇ ನಂಬಿದೆ, 26 ವರ್ಷ ನಂಬಿದೆ.

ಅವನ ಮುಖವೂ ನಮಗೆ ತಿಳಿಯುತ್ತಿರಲಿಲ್ಲ. ಈ ಕಾಯಿಲೆ ಮುಖದ ಚಲನೆಯನ್ನು ಕಡಿಮೆ ಮಾಡುತ್ತದೆ. ಆ ಕಾಲದ ಔಷಧಗಳು ಹಲವರ ಕೈಕಾಲನ್ನೂ ಮುಖವನ್ನೂ ಬಿಗಿಗೊಳಿಸುತ್ತಿದ್ದವು. ನಮ್ಮ ಮುಖ ಅವನಿಗೆ ತಿಳಿಯದು, ಅವನದು ನಮಗೆ ತಿಳಿಯದು; ಒಂದೇ ಸೂರಿನಡಿ ಹೀಗೆ ಬದುಕಿದೆವು. ಒಮ್ಮೆ ಆಸ್ಪತ್ರೆಯೊಂದರಲ್ಲಿ ಕೇಳಿದ್ದಕ್ಕೆ ವೈದ್ಯರು, "ಭಾವನೆ ಬತ್ತಿದೆ, ಇನ್ನು ಇಷ್ಟೇ" ಎಂದು ಚೀಟಿ ಕೊಟ್ಟು ಕಳಿಸಿದರು. ಆ ಮಾತನ್ನು ನಾನು ಈಗ ಒಪ್ಪುವುದಿಲ್ಲ. ಅಪ್ಪಯ್ಯನ ಚಪ್ಪಲಿಯನ್ನು ಅಣ್ಣ ಮೂರು ವರ್ಷ ದಿನಾ ಒರೆಸಿ ಜಗಲಿಯ ಮೂಲೆಯಲ್ಲಿ ಇಡುತ್ತಿದ್ದ. ಬತ್ತಿದವನು ಮಾಡುವ ಕೆಲಸವಲ್ಲ ಅದು.

ಅಮ್ಮ ಹೋದ ಮರುವರ್ಷ, 2012ರಲ್ಲಿ, ಅವನನ್ನು ಬೆಂಗಳೂರಿಗೆ ಕರೆತಂದೆ. ಹಗಲು ಹೊತ್ತು ಒಂದು ಆರೈಕೆ ಕೇಂದ್ರಕ್ಕೆ ಹೋಗುತ್ತಿದ್ದ. ಅಲ್ಲಿನ ಮನಶ್ಶಾಸ್ತ್ರಜ್ಞೆ, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಒಂದು ದಿನ ನನ್ನನ್ನೂ ಕೂರಿಸಿಕೊಂಡು ಅವನ ಮುಂದೆ ಫೋಟೊಗಳನ್ನು ಇಟ್ಟಳು. ನಗುವ ಮುಖವನ್ನು ಅಣ್ಣ ಸರಿಯಾಗಿ ಹೇಳಿದ. ಹೆದರಿದ ಮುಖಕ್ಕೆ "ಸಿಟ್ಟು" ಎಂದ. ಅಳುಮೋರೆಗೂ ಸಿಟ್ಟು. ಏನೂ ಇಲ್ಲದ, ಸುಮ್ಮನಿರುವ ಮುಖಕ್ಕೂ ಸಿಟ್ಟು.

ಅಪ್ಪಯ್ಯನ ಸಾವಿನ ದಿನ ಅವನು ಕೇಳಿದ್ದು ನನಗೆ ಅರ್ಥವಾದದ್ದು ಆ ಮೇಜಿನ ಮುಂದೆ. ಮಗ ತಾಯಿಯ ಅಳುವನ್ನು ಸಿಟ್ಟೆಂದು ತಿಳಿದು, ಹೆದರಿ, ತನ್ನ ತಪ್ಪು ಏನೆಂದು ಕೇಳಿದ್ದ.

ಈ ಕಾಯಿಲೆಯಲ್ಲಿ ಇದು ಅಪರೂಪವಲ್ಲ, ಆ ಹುಡುಗಿ ವಿವರಿಸಿದಳು. ಸಂತೋಷವನ್ನು ತಪ್ಪು ತಿಳಿಯುವುದು ಕಡಿಮೆ. ಭಯ, ದುಃಖ, ಅಸಹ್ಯ ಇವು ಕಷ್ಟ. ಕಣ್ಣಿನ ಚಲನೆಯನ್ನು ಅಳೆದವರಿಗೆ ಕಂಡದ್ದೇನೆಂದರೆ, ಭಾವ ಇರುವುದೇ ಕಣ್ಣು ಬಾಯಿಗಳಲ್ಲಿ, ಇವರಲ್ಲಿ ಹಲವರ ನೋಟ ಅಲ್ಲಿ ನಿಲ್ಲುವುದೇ ಕಡಿಮೆ. ಕಿವಿಯೊಳಗಿನ ದನಿಗಳನ್ನು ತಗ್ಗಿಸುವ ಗುಳಿಗೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಕಲಿಸಬೇಕು.

ಮುಖಭಾವ ಗುರುತಿಸುವ ಶಕ್ತಿಯನ್ನು ಅಳೆಯಲು ಜಗತ್ತಿನ ಬಹಳ ಕಡೆ ಬಳಸುತ್ತಿದ್ದುದು 1976ರಲ್ಲಿ ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸನ್ ಹೊರತಂದ 110 ಕಪ್ಪು ಬಿಳುಪು ಫೋಟೊಗಳು. ಅಲ್ಲಿರುವವರೆಲ್ಲ ಬಿಳಿಯರು. 2008ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ವೈದ್ಯರು ನಮ್ಮವರದೇ ಮುಖಗಳ ಚಿತ್ರಗಳನ್ನೂ ಚಲಿಸುವ ತುಣುಕುಗಳನ್ನೂ ಸೇರಿಸಿ ಟ್ರೆಂಡ್ಸ್ ಎಂಬ ಸಾಧನ ಸಿದ್ಧಪಡಿಸಿದರು. ಸ್ಕಿಜೋಫ್ರೇನಿಯಾ ಇರುವವರು ಯೋಗ ಮಾಡಿದಾಗ ಮುಖಭಾವ ಗುರುತಿಸುವ ಶಕ್ತಿ ಹೆಚ್ಚಿತೆಂದು 2011ರಲ್ಲಿ ಅದೇ ಸಂಸ್ಥೆಯವರು ಪ್ರಕಟಿಸಿದರು. ಅಣ್ಣನಿಗೆ ಯೋಗ ಹಿಡಿಸಲಿಲ್ಲ, ಎರಡು ವಾರಕ್ಕೆ ಬಿಟ್ಟ.

ಹಿಡಿಸಿದ್ದು ಫೋಟೊಗಳ ಪಾಠ. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ವೋಲ್ಫ್‌ಗಾಂಗ್ ವೋಲ್ವರ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಕ್ರಮವೊಂದಿದೆ: 6 ವಾರ, 12 ಪಾಠ, ಒಬ್ಬ ಗುರುವಿಗೆ ಇಬ್ಬರೇ ಶಿಷ್ಯರು. ನಮ್ಮ ಹುಡುಗಿ ಅದರ ದಾರಿಯನ್ನೇ ಸಡಿಲವಾಗಿ ಹಿಡಿದಿದ್ದಳು. ಮೊದಲಿಗೆ ಭಾವದ ಹೆಸರು ಹೇಳುವಂತಿಲ್ಲ. ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. "ಹುಬ್ಬು ಮೇಲೆ ಹೋಗಿದೆ. ಹುಬ್ಬಿನ ಒಳತುದಿ ಹತ್ತಿರ ಬಂದಿದೆ. ಕಣ್ಣು ಅಗಲ. ಬಾಯಿ ಅಡ್ಡ ಎಳೆದಿದೆ." ಆಮೇಲೆ ಭಯ. ಅಣ್ಣ ರೈತರ ಲೆಕ್ಕ ಒಪ್ಪಿಸುವವನ ಹಾಗೆ ಒಂದೊಂದನ್ನೇ ಒಪ್ಪಿಸುತ್ತಿದ್ದ. ಸುಲಭದ ಚಿತ್ರಗಳು ಮುಗಿದ ಮೇಲೆ ಅರೆಬರೆ ಭಾವದವು ಬಂದವು. ಅದರ ನಂತರ ಸಂದರ್ಭಗಳು: ಬಸ್ ನಿಲ್ದಾಣದಲ್ಲಿ ಒಬ್ಬಳು ಪದೇ ಪದೇ ಗಡಿಯಾರ ನೋಡುತ್ತಿದ್ದಾಳೆ, ಅವಳ ಹುಬ್ಬು ಗಂಟಾಗಿದೆ, ನಿನ್ನ ಮೇಲೆಯೇ ಸಿಟ್ಟೋ, ಬಸ್ಸು ತಡವಾಯಿತೆಂದೋ? ಗೊತ್ತಾಗದಿದ್ದರೆ ಕೇಳಿ ತಿಳಿದುಕೊಳ್ಳುವುದನ್ನೂ ಕಲಿಸಿದಳು. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ದೊಡ್ಡದು ಅದೇ.

ನಮಗೂ ಒಂದು ಪಾಠ ಇತ್ತು. "ಮುಖ ನೋಡಿ ತಿಳ್ಕೋಬೇಕು ಅಂತ ಬಿಡಬೇಡಿ, ಬಾಯಲ್ಲಿ ಹೇಳಿ" ಎಂದಳು. ಹೇಳುವುದು ನನಗೆ ಕಷ್ಟವಾಯಿತು, ನಾನು ಅಮ್ಮನ ಮಗಳು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಬದಲು "ಅಣ್ಣ, ನನಗೆ ಆಫೀಸಿನವರ ಮೇಲೆ ಸಿಟ್ಟು, ನಿನ್ನ ಮೇಲಲ್ಲ" ಎನ್ನುವುದಕ್ಕೆ ತಿಂಗಳುಗಟ್ಟಲೆ ಬೇಕಾಯಿತು.

ಎಲ್ಲ ಸರಿಹೋಗಿಲ್ಲ. ಭಯಕ್ಕೂ ಆಶ್ಚರ್ಯಕ್ಕೂ ವ್ಯತ್ಯಾಸ ಈಗಲೂ ತಪ್ಪುತ್ತದೆ. ಜನ ಹೆಚ್ಚಿರುವ ಮದುವೆಮನೆಯಲ್ಲಿ ಅವನಿಗೆ ಮುಖಗಳನ್ನು ಒಂದೊಂದಾಗಿ ನೋಡುವಷ್ಟು ಪುರುಸೊತ್ತು ಸಿಗುವುದಿಲ್ಲ, ಕೈತೊಳೆಯುವ ಜಾಗದಲ್ಲಿ ಹೋಗಿ ನಿಲ್ಲುತ್ತಾನೆ. ಕೊಟ್ಟಿಗೆಗೆ ಎಳೆದೊಯ್ದ ದೊಡ್ಡಪ್ಪನ ಮನೆಗೆ ಇವತ್ತಿಗೂ ಹೋಗುವುದಿಲ್ಲ. ನಾನು ಹೋಗು ಅಂದಿಲ್ಲ.

2015ರಿಂದ ಊರಲ್ಲೇ ಇದ್ದಾನೆ, ತಮ್ಮನ ಸಂಸಾರದ ಜೊತೆ. ಸುಗ್ಗಿಯಲ್ಲಿ ಅಡಿಕೆ ಸುಲಿಯುವವರ ಲೆಕ್ಕ ಬರೆಯುತ್ತಾನೆ. ಭಾನುವಾರ ರಾತ್ರಿ ಫೋನು ಮಾಡುತ್ತಾನೆ. ಮಳೆ, ಕೊಳೆರೋಗ, ಗುಳಿಗೆ ತೀರಿದ್ದು, ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ.

"ಪುಟ್ಟಿ, ಈಗ ನಿನ್ನ ಮುಖ ಹೇಗಿದೆ?"

"ಸುಸ್ತಾಗಿದೆ ಅಣ್ಣ. ಸಿಟ್ಟಿಲ್ಲ."

"ಸರಿ," ಎಂದು ಫೋನು ಇಡುತ್ತಾನೆ.