ಗುಳಿಗೆಯ ಹೊತ್ತು

ನಮ್ಮ ನಂದವರಂ ಭಾಗದಲ್ಲಿ ವಯಸ್ಸಾದವರಿಬ್ಬರು ಎದುರಾದರೆ ಮೊದಲು ಮಳೆಯ ಮಾತು, ಆಮೇಲೆ ಮಕ್ಕಳ ಮಾತು, ಕಡೆಗೆ ಬಿ.ಪಿ. ಗುಳಿಗೆಯ ಮಾತು. ನಾನೂ ಬಹುಕಾಲದಿಂದ ಆ ಗುಳಿಗೆಯ ಋಣದಲ್ಲಿರುವವನೇ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಅದನ್ನು ನುಂಗುವುದು ಶಾಲೆಯ ಮೊದಲ ಗಂಟೆಯಷ್ಟೇ ರೂಢಿಯಾಗಿತ್ತು.

2019ರ ಕೊನೆಯಲ್ಲಿ ಮಗ ದೂರವಾಣಿಯಲ್ಲಿ, "ಅಪ್ಪಾ, ರಾತ್ರಿ ಮಲಗುವಾಗ ತಗೊಂಡ್ರೆ ಹೆಚ್ಚು ಗುಣವಂತೆ, ಪೇಪರಿನಲ್ಲಿ ಬಂದಿದೆ" ಎಂದ. ಸ್ಪೇನ್ ದೇಶದಲ್ಲಿ ಹತ್ತೊಂಬತ್ತು ಸಾವಿರ ಜನರ ಮೇಲೆ ನಡೆದ ಅಧ್ಯಯನದ ಸುದ್ದಿ ಅದು. ರಾತ್ರಿ ಗುಳಿಗೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಶೇಕಡಾ 45ರಷ್ಟು ಕಡಿಮೆಯೆಂದು ಅದು ಸಾರಿತ್ತು. ತರ್ಕವೂ ಒಪ್ಪುವಂತಿತ್ತು. ನಿದ್ರೆಯಲ್ಲಿ ರಕ್ತದೊತ್ತಡ ಸಹಜವಾಗಿ ಶೇಕಡಾ 10ರಿಂದ 20ರಷ್ಟು ಇಳಿಯಬೇಕು, ಕೆಲವರಲ್ಲಿ ಇಳಿಯುವುದಿಲ್ಲ. ಬೆಳಗಿನ ಜಾವ ಅದು ಮೇಲೇರುತ್ತದೆ. ಹೃದಯಾಘಾತಗಳೂ ಆ ಹೊತ್ತಿಗೇ ಹೆಚ್ಚು.

ವೈದ್ಯರನ್ನು ಕೇಳದೆಯೇ ನಾನು ರಾತ್ರಿಗೆ ಬದಲಾದೆ. ಅಷ್ಟಕ್ಕೇ ನಿಲ್ಲದೆ ಎಮ್ಮಿಗನೂರಿನಲ್ಲಿರುವ ಅಕ್ಕನಿಗೂ, "ಇನ್ನು ಮೇಲೆ ರಾತ್ರಿ ಊಟವಾದ ಮೇಲೆ ತಗೋ ಅಕ್ಕಾ" ಎಂದು ಉಪದೇಶಿಸಿದೆ. ಮೇಷ್ಟರ ಚಾಳಿ!

ನನ್ನ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಬೆರೆತಿತ್ತು. ರಾತ್ರಿ ಮೂರು ಸಲ ಏಳುವುದಾಯಿತು. ಕರೆಂಟು ಹೋದ ಒಂದು ರಾತ್ರಿ ಬೇತಂಚೆರ್ಲ ಬಂಡೆಯ ನೆಲದ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಆದೋನಿಯ ವೈದ್ಯರು ಬೈದು ಬೆಳಗಿಗೇ ಹಿಂದಿರುಗಿಸಿದರು. ಅಕ್ಕನಿಗೆ ಹೇಳುವುದನ್ನು ಮಾತ್ರ ಮರೆತೆ.

ಅಕ್ಕನದು ಕಟ್ಟುನಿಟ್ಟಿನ ಏಕಾದಶಿ. ದಶಮಿಯ ರಾತ್ರಿ ಊಟವಿಲ್ಲ, ಏಕಾದಶಿಯಂದು ನೀರೂ ಇಲ್ಲ, ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡಿದರೂ ಅಂದು ರಾತ್ರಿ ಮತ್ತೆ ಊಟವಿಲ್ಲ. ನಾನು ಹೇಳಿದ್ದು 'ಊಟವಾದ ಮೇಲೆ'. ಊಟವಿಲ್ಲದ ರಾತ್ರಿ ಗುಳಿಗೆಯೂ ಇಲ್ಲವೆಂದು ಅವಳು ತಿಳಿದಳು. ಹೀಗೆ ಮೂರು ರಾತ್ರಿ ಸಾಲಾಗಿ, ತಿಂಗಳಿಗೆ ಆರು, ವರ್ಷಕ್ಕೆ ಎಪ್ಪತ್ತೆರಡು. ಗಣಿತ ಕಲಿಸಿದ ನಾನು ಈ ಲೆಕ್ಕ ಹಾಕಿದ್ದು ಮುಂದಿನ ವರ್ಷ, ಒಂದು ತ್ರಯೋದಶಿಯ ಬೆಳಿಗ್ಗೆ ಅವಳ ಬಾಯಿ ಓರೆಯಾಗಿ ಬಲಗೈ ಬಿದ್ದುಹೋದ ಮೇಲೆ. ಅವಳದು ಅಟೆನೊಲಾಲ್, ಥಟ್ಟನೆ ನಿಲ್ಲಿಸಿದರೆ ಎದೆಬಡಿತವೂ ಒತ್ತಡವೂ ಮೇಲೇರುವಂಥದ್ದು. ಅದೇ ಕಾರಣವೆಂದು ವೈದ್ಯರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

2022ರಲ್ಲಿ ಬ್ರಿಟನ್ನಿನ ಫಲಿತಾಂಶ ಬಂತು. ಡಂಡೀ ವಿಶ್ವವಿದ್ಯಾಲಯದವರು 21,104 ಜನರನ್ನು ಸರಾಸರಿ ಐದು ವರ್ಷಕ್ಕೂ ಮೀರಿ ಗಮನಿಸಿದ್ದರು. ಸಂಜೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಆಪತ್ತಿಗೊಳಗಾದವರು ಶೇಕಡಾ 3.4, ಬೆಳಿಗ್ಗೆಯವರಲ್ಲಿ 3.7. ಲೆಕ್ಕಕ್ಕೆ ಹಿಡಿಯುವ ಅಂತರವಲ್ಲ. ಆಮೇಲೆ ಕೆನಡಾದವರೂ ಇದನ್ನೇ ಕಂಡರು. ಸ್ಪೇನಿನ ಅಧ್ಯಯನದ ಬಗೆಗೆ ತಜ್ಞರಿಗೆ ಮೊದಲಿನಿಂದಲೂ ಸಂಶಯವಿತ್ತಂತೆ. ಆ ಸಂಶಯ ನಮ್ಮ ಪೇಪರಿಗೆ ಬಂದಿರಲಿಲ್ಲ, ಅಥವಾ ನಾನು ಓದಿರಲಿಲ್ಲ.

ಆದೋನಿಯಲ್ಲಿ ಉರ್ದು ಶಾಲೆಯಲ್ಲಿದ್ದ ನನ್ನ ಗೆಳೆಯರೊಬ್ಬರಿದ್ದಾರೆ. ರಂಜಾನ್ ತಿಂಗಳು ಬರುವ ಮುನ್ನವೇ ಅವರು ವೈದ್ಯರ ಬಳಿ ಹೋಗಿ, ಬೆಳಗಿನ ಗುಳಿಗೆಯನ್ನು ಇಫ್ತಾರಿನ ಹೊತ್ತಿಗೆ ಬದಲಿಸಿಕೊಂಡು ಬರುತ್ತಾರೆ. ಮೂವತ್ತು ದಿನದಲ್ಲಿ ಒಂದೂ ತಪ್ಪುವುದಿಲ್ಲ. ರೋಜಾ ಕೂಡ ತಪ್ಪುವುದಿಲ್ಲ. ಅಷ್ಟು ಸರಳವಾದುದನ್ನು ನಾನು ಅಕ್ಕನಿಗಾಗಿ ಮಾಡಲಿಲ್ಲ.

ವ್ರತವನ್ನು ಕೆಡಿಸದ ಎಂಟರಲ್ಲಿ ನೀರು, ಹಾಲು, ಹಣ್ಣುಗಳ ಜೊತೆ ಔಷಧವನ್ನೂ ಧರ್ಮಶಾಸ್ತ್ರ ಹೆಸರಿಸುತ್ತದೆ. ಪರಿಚಯದ ಆಚಾರ್ಯರೊಬ್ಬರು ಮನೆಗೆ ಬಂದು ಇದನ್ನು ಹೇಳಿದ ಮೇಲೆಯೇ ಅಕ್ಕ ಒಪ್ಪಿದಳು. ವೈದ್ಯರು ಬೆಳಗಿನ ಹೊತ್ತನ್ನು ಗೊತ್ತುಮಾಡಿದರು. ಈಗ ಸ್ನಾನವಾದ ಕೂಡಲೇ ಒಂದು ಉದ್ಧರಣೆ ನೀರಿನೊಡನೆ ಗುಳಿಗೆ. ಏಕಾದಶಿಯಾದರೂ ಸರಿ, ದ್ವಾದಶಿಯಾದರೂ ಸರಿ. ಏಕಾದಶಿಯಂದು ತಪ್ಪದೆ ನಾನು ಎಮ್ಮಿಗನೂರಿಗೆ ಹೋಗಿ ನೋಡಿ ಬರುತ್ತೇನೆ. ಕಳೆದ ಸಲ ಬಸ್ಸು ತಡವಾಗಿ ಹತ್ತು ಗಂಟೆಗೆ ತಲುಪಿದೆ. ನಾನು ಕೇಳುವ ಮೊದಲೇ ಅಕ್ಕ ಎಡಗೈಯಲ್ಲಿ ಗುಳಿಗೆಯ ಖಾಲಿ ಸ್ಟ್ರಿಪ್ ಎತ್ತಿ ತೋರಿಸಿದಳು.