ಅಡಿಕೆಗೆ ಎಷ್ಟಂತೆ ಮಾರಾಯ್ರೆ?

ದಕ್ಷಿಣ ಕನ್ನಡದ ಕಡೆ ಹೊರಟಿದ್ದೀರಾ? ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ಹಾಗೇ ತಿರುಗಬೇಡಿ. ಒಂದು ಸೋಮವಾರ ಪುತ್ತೂರಿನ ಸಂತೆಗೂ ಬನ್ನಿ. ಬಸಳೆ, ಸಾಂಬಾರು ಸೌತೆ, ಒಣಮೀನು ಎಲ್ಲಕ್ಕೂ ಚೌಕಾಸಿ ನಡೆದಿರುತ್ತೆ. ನಡುವೆ ಒಂದು ಪ್ರಶ್ನೆ ಮಾತ್ರ ತಪ್ಪೋದಿಲ್ಲ: "ಅಡಿಕೆಗೆ ಎಷ್ಟಂತೆ ಮಾರಾಯ್ರೆ?" ಧಾರಣೆ ಏರಿದರೆ ಸೀರೆ ಅಂಗಡಿಗೂ ಕಳೆ, ಇಳಿದರೆ ಮಗಳ ಮದುವೆಯ ಒಡವೆಯೂ ಮುಂದಕ್ಕೆ!

ಇಲ್ಲಿಂದ ಮಡಿಕೇರಿ ದಾರಿ ಹಿಡಿದರೆ ಸುಳ್ಯ. ಅದರಾಚೆ ಅರಂತೋಡು, ಸಂಪಾಜೆ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ನುಂಗಿದೆ. ಧಾರಣೆ ಏರಿದರೂ ಮಾರೋಕೆ ಅಡಿಕೆ ಬೇಕಲ್ಲ? ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವಾಗ ಸಿಗುವ ಕಡಬ, ಹಿಂದೆ ಪುತ್ತೂರಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕು. ಅಲ್ಲಿ ಅಡಿಕೆಯ ಜೊತೆಗೆ ರಬ್ಬರಿನ ಧಾರಣೆಯೂ ಮಾತಿಗೆ ಬರುತ್ತೆ.

ಮಕ್ಕಳು ಹಟ ಹಿಡಿಯುವ ಚಾಕೊಲೇಟಿಗೂ ಇಲ್ಲೊಂದು ಕಥೆಯಿದೆ. ಅಡಿಕೆ ಮರಗಳ ನೆರಳಲ್ಲಿ ಕೋಕೋ ಬೆಳೆಯಿರೆಂದು ಹುರಿದುಂಬಿಸಿದವರಲ್ಲಿ ಬ್ರಿಟನ್ ಮೂಲದ ಕ್ಯಾಡ್‌ಬರಿ ಕಂಪನಿಯೂ ಒಂದು. 1980ರ ಸುಮಾರಿಗೆ ಬೆಲೆ ಕುಸಿದು ಕೊಳ್ಳುವವರು ಹಿಂಜರಿದಾಗ, ಬೆಳೆಗಾರರು 1973ರಲ್ಲಿ ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. 2024ರಲ್ಲಿ ಲಂಡನ್ ಪೇಟೆಯಲ್ಲಿ ಕೋಕೋ ಬೆಲೆ ಹಿಂದೆಂದೂ ಕಾಣದಷ್ಟು ಏರಿತಲ್ಲ, ಆ ಸುದ್ದಿ ಇಲ್ಲಿನ ಅಡಿಗೆಮನೆಗೂ ಮುಟ್ಟಿತ್ತು!

ನಾವು ಕೊಳ್ಳುವವರು ಬೆಲೆ ಇಳಿಯಲಿ ಅಂತೀವಿ. ಬೆಳೆದ ಮನೆಯ ಅಕ್ಕನಿಗೆ ಅದೇ ಇಳಿತ ಸಂಸಾರದ ಚಿಂತೆ. ಸಂತೆಚೀಲದಲ್ಲಿ ಒಂದು ಪುತ್ತೂರಿನ ಚಾಕೊಲೇಟೂ ಇರಲಿ. ಚೌಕಾಸಿಗೆ ಮೊದಲು ಧಾರಣೆಯನ್ನೂ ವಿಚಾರಿಸಿ. ಮಾತು ತಾನಾಗೇ ಬೆಳೆಯುತ್ತೆ.