ಮೂವತ್ತೇಳೋ, ಎಪ್ಪತ್ತಮೂರೋ?

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ನಂದಗಡದ ಒಂದು ಸರ್ಕಾರಿ ಕನ್ನಡ ಶಾಲೆಯ ಎರಡನೇ ತರಗತಿ. ನಾನು ಬೈಲಹೊಂಗಲದ ಕಡೆಯವಳು. ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವ ಊರು ಎಂಬುದನ್ನು ಬಿಟ್ಟರೆ ನಂದಗಡದ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಖಾನಾಪುರದಿಂದ ಹೋಗುವ ಬಸ್ಸಿನಲ್ಲಿ, ಅಂಗಡಿಗಳಲ್ಲಿ, ಶಾಲೆಯ ಅಂಗಳದಲ್ಲಿ ಕನ್ನಡದ ಜೊತೆಗೆ ಮರಾಠಿಯೂ ಕಿವಿಗೆ ಬೀಳುತ್ತದೆ ಎಂಬುದು ಮೊದಲ ದಿನವೇ ತಿಳಿಯಿತು. ಅದಕ್ಕೂ ನನ್ನ ಗಣಿತ ಪಾಠಕ್ಕೂ ಸಂಬಂಧವಿದೆ ಎಂಬುದು ತಿಳಿಯಲು ಎರಡು ವಾರ ಬೇಕಾಯಿತು.

ಪಾಠದ ಘಟಕ ‘ಎರಡಂಕಿಯ ಸಂಖ್ಯೆಗಳ ಹೋಲಿಕೆ’. ಹತ್ತರ ಕಡ್ಡಿಕಟ್ಟು, ಬಿಡಿ ಕಡ್ಡಿ, ಮಿಂಚುಪಟ್ಟಿ, ದೊಡ್ಡ ಸಂಖ್ಯೆಯ ಕಡೆಗೆ ಬಾಯಿ ತೆರೆಯುವ ರಟ್ಟಿನ ಮೊಸಳೆ, ಎಲ್ಲವನ್ನೂ ತಯಾರಿಸಿಕೊಂಡು ಹೋಗಿದ್ದೆ. ‘ಇವೆರಡರಲ್ಲಿ ಯಾವುದು ಹೆಚ್ಚು?’ ಎಂದು ಕೇಳಿದೆ. ಅರ್ಧ ತರಗತಿ ಸುಮ್ಮನೆ ನನ್ನ ಮುಖ ನೋಡಿತು. ಹಿಂದೆ ಕುಳಿತಿದ್ದ ತರಗತಿಯ ಶಿಕ್ಷಕರು, ‘ಜಾಸ್ತಿ ಯಾವುದು ಅಂತ ಕೇಳ್ರಿ’ ಎಂದರು. ಹಾಗೆ ಕೇಳಿದ್ದೇ ತಡ, ಕೈಗಳು ಮೇಲೆದ್ದವು. ಮರಾಠಿಯಲ್ಲೂ ‘ಜಾಸ್ತ’, ‘ಕಮೀ’ ಎನ್ನುತ್ತಾರೆ. ನಮ್ಮ ‘ಜಾಸ್ತಿ’, ‘ಕಮ್ಮಿ’ ಎರಡೂ ಮನೆಯ ಮಕ್ಕಳಿಗೆ ಗೊತ್ತಿರುವ ಮಾತು. ಪುಸ್ತಕದ ‘ಹೆಚ್ಚು’, ‘ಕಡಿಮೆ’ ಕೆಲವರಿಗೆ ಇನ್ನೂ ಹೊಸದು. ಹಲಗೆಯ ಮೇಲೆ ‘ಹೆಚ್ಚು – ಜಾಸ್ತಿ’, ‘ಕಡಿಮೆ – ಕಮ್ಮಿ’ ಎಂದು ಬರೆದು ಮುಂದೆ ಹೋದೆ. ತೊಂದರೆ ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ವಾರದ ಕೊನೆಗೆ ಮೌಲ್ಯಮಾಪನ. ನಾನು ಎರಡೆರಡು ಸಂಖ್ಯೆ ಹೇಳುವುದು, ಮಕ್ಕಳು ಬರೆದು ದೊಡ್ಡದಕ್ಕೆ ಸುತ್ತು ಹಾಕುವುದು. ಹೇಳಿದ ಜೋಡಿಗಳು ಐದು: 37–73, 48–61, 25–52, 29–35, 30–80. ಕಿಟಕಿಯ ಪಕ್ಕ ಕೂಡುವ ಒಬ್ಬ ಹುಡುಗಿಗೆ ಐದಕ್ಕೆ ಒಂದೇ ಅಂಕ ಬಂತು. ನಾಲ್ಕು ಜೋಡಿಗಳಲ್ಲಿ ಮೊದಲನೆಯದಕ್ಕೇ ಸುತ್ತು ಹಾಕಿದ್ದಳು. ಕಣ್ಣುಮುಚ್ಚಿ ಹಾಕಿದ್ದಾಳೆ ಅನಿಸಿತು.

ಆಗಷ್ಟೇ ನಾವು ಪಿಯಾಜೆಯ ಪ್ರಯೋಗಗಳನ್ನು ಓದಿದ್ದೆವು. ಸಮ ಸಂಖ್ಯೆಯ ಬಟನ್‌ಗಳ ಎರಡು ಸಾಲಿನಲ್ಲಿ ಒಂದನ್ನು ದೂರದೂರಕ್ಕೆ ಹರಡಿದರೆ ಸಣ್ಣ ಮಕ್ಕಳು ಉದ್ದವಾದ ಸಾಲಿನಲ್ಲೇ ಹೆಚ್ಚು ಇವೆ ಎನ್ನುತ್ತಾರೆ. ಆ ಓದಿನ ಗುಂಗಿನಲ್ಲಿ ಅವಳ ದಾಖಲೆಯಲ್ಲಿ ಹೀಗೆ ಬರೆದೆ: ‘ಪರಿಮಾಣದ ಕಲ್ಪನೆ ಇನ್ನೂ ಬೆಳೆದಿಲ್ಲ. ಪರಿಹಾರ ಬೋಧನೆ ಅಗತ್ಯ.’ ಅಷ್ಟೇ ಆಗಿದ್ದರೆ ಸರಿ. ಸಂಜೆ ಅವಳನ್ನು ಕರೆದುಕೊಂಡು ಹೋಗಲು ಬಂದ ಅಜ್ಜಿಗೂ, ‘ಲೆಕ್ಕದಾಗ ಭಾಳ ಹಿಂದ ಅದಾಳ’ ಎಂದುಬಿಟ್ಟೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಆ ಅಜ್ಜಿ ನನ್ನನ್ನೇ ನೋಡಿ, ‘ಚಿಲ್ಲರ್ ಎಲ್ಲಾ ಇಕಿನೇ ಎಣಿಸಿ ಕೊಡ್ತಾಳಲ್ಲ ಬಾಯಿ’ ಎಂದರು. ನಾನು ಉತ್ತರ ಕೊಡಲಿಲ್ಲ. ಹುಡುಗಿ ಅಜ್ಜಿಯ ಸೆರಗು ಹಿಡಿದು ನೆಲ ನೋಡುತ್ತಿದ್ದಳು. ಮರುದಿನದಿಂದ ಅವಳು ಕೈ ಎತ್ತುವುದನ್ನೇ ಬಿಟ್ಟಳು. ಬರೆದದ್ದನ್ನು ನಾನು ಹತ್ತಿರ ಬರುವ ಮೊದಲೇ ಅಳಿಸಿಬಿಡುತ್ತಿದ್ದಳು.

ಆ ಹಾಳೆಯನ್ನು ತರಗತಿಯ ಶಿಕ್ಷಕರಿಗೆ ತೋರಿಸಿದೆ. ಅವರು ಅಂಕ ನೋಡಲಿಲ್ಲ. ‘ನೀವು ಹೇಳಿದ್ದು ಏನು, ಆಕಿ ಬರದದ್ದು ಏನು, ಬಾಜೂಬಾಜೂ ಇಟ್ಟು ನೋಡ್ರಿ’ ಎಂದರು. ನೋಡಿದೆ. ನಾನು ಹೇಳಿದ್ದು 37, 73. ಅವಳು ಬರೆದದ್ದು 73, 37. ನಾನು ಹೇಳಿದ್ದು 48, 61. ಅವಳು ಬರೆದದ್ದು 84, 16. ಉಳಿದ ಎರಡೂ ಹಾಗೆಯೇ. 30 ಮತ್ತು 80 ಮಾತ್ರ ಸರಿಯಾಗಿದ್ದವು. ನಾನು ತಿದ್ದುವಾಗ ಸುತ್ತು ಎಲ್ಲಿದೆ ಎಂದಷ್ಟೇ ನೋಡಿದ್ದೆ. ತಾನು ಬರೆದ ಸಂಖ್ಯೆಗಳಲ್ಲಿ ದೊಡ್ಡದಕ್ಕೇ ಅವಳು ಐದೂ ಸಲ ಸುತ್ತು ಹಾಕಿದ್ದಳು. ಹೋಲಿಕೆಯಲ್ಲಿ ಒಂದೂ ತಪ್ಪಿರಲಿಲ್ಲ.

ಊಟದ ಬಿಡುವಿನಲ್ಲಿ ಅವಳನ್ನು ಕರೆದು, ಅವಳೇ ಬರೆದ 73 ತೋರಿಸಿ, ‘ಇಷ್ಟು ಕಡ್ಡಿ ಇಡವ್ವಾ’ ಎಂದೆ. ಏಳು ಕಟ್ಟು, ಮೂರು ಬಿಡಿ ಇಟ್ಟಳು. ‘ಮನ್ಯಾಗ ಇದಕ್ಕ ಏನಂತೀರಿ?’ ಎಂದೆ. ‘ತ್ರ್ಯಾಹತ್ತರ’ ಎಂದಳು. ಶಿಕ್ಷಕರು ನಕ್ಕು ಬಿಡಿಸಿ ಹೇಳಿದರು. ಮರಾಠಿಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಎಪ್ಪತ್ತಮೂರು ಎನ್ನಲು ‘ಮೂರು-ಎಪ್ಪತ್ತು’ ಎಂಬಂತೆ ಹೇಳುತ್ತಾರೆ. ಇಪ್ಪತ್ತೈದು ‘ಪಂಚವೀಸ್’, ಅಂದರೆ ‘ಐದು-ಇಪ್ಪತ್ತು’. ಮೊದಲು ಕೇಳಿದ ಅಂಕಿಯನ್ನು ಬಲಕ್ಕೆ ಬರೆಯಬೇಕು ಎಂಬುದು ಆ ಮಗು ಮನೆಯಲ್ಲಿ ಕಲಿತ ನಿಯಮ. ಅದೇ ನಿಯಮವನ್ನು ನನ್ನ ‘ಮೂವತ್ತೇಳು’ವಿಗೂ ಹಚ್ಚಿದ್ದಳು. ಜರ್ಮನ್ ಭಾಷೆಯಲ್ಲೂ ಬಿಡಿಯನ್ನೇ ಮೊದಲು ಹೇಳುತ್ತಾರೆ. ಅಲ್ಲಿನ ಮಕ್ಕಳೂ ಬರೆಯುವಾಗ ಹೀಗೆ ಅಂಕಿ ತಿರುಗಿಸುವುದುಂಟು ಎಂದು ಆಮೇಲೆ ಓದಿದೆ. ನಮ್ಮ ಕನ್ನಡದಲ್ಲಿ ಹೇಳುವ ಕ್ರಮ, ಬರೆಯುವ ಕ್ರಮ ಎರಡೂ ಒಂದೇ ಆದ್ದರಿಂದ ನನಗೆ ಈ ತೊಡಕು ಎಂದೂ ಕಂಡಿರಲಿಲ್ಲ.

ಮುಂದಿನ ವಾರ ಮಾಡಿದ್ದು ಸರಳ ಕೆಲಸ. 10, 20, 30ರಿಂದ 90ರವರೆಗೆ ಅಗಲವಾದ ಪಟ್ಟಿಗಳು, 1ರಿಂದ 9ರವರೆಗೆ ಅವುಗಳ ಅರ್ಧ ಅಗಲದ ಪಟ್ಟಿಗಳು. ‘ಮೂವತ್ತು’ ಎಂದಾಗ 30ರ ಪಟ್ಟಿ ಇಡಬೇಕು, ‘ಏಳು’ ಎಂದಾಗ ಅದರ ಸೊನ್ನೆಯ ಮೇಲೆ 7 ಮುಚ್ಚಬೇಕು. ಪಕ್ಕದಲ್ಲಿ ಅಷ್ಟೇ ಕಡ್ಡಿ ಇಡಬೇಕು. ಆಮೇಲೆ ಅದೇ ಸಂಖ್ಯೆಯನ್ನು ಮರಾಠಿ ಮನೆಯ ಮಕ್ಕಳು ತಮ್ಮ ಮಾತಿನಲ್ಲಿ ಹೇಳಬೇಕು, ಉಳಿದವರು ಕೇಳಬೇಕು. ಕಿಟಕಿ ಪಕ್ಕದ ಹುಡುಗಿ ಎರಡನೇ ದಿನ ಕೈ ಎತ್ತಿದಳು. ನನಗೆ ‘ಬಾವನ್ನ’ ಹೇಳಿಕೊಟ್ಟವಳು ಅವಳೇ. ನಾನು ಅದನ್ನು ಬೇಕೆಂದಲ್ಲ, ನಿಜವಾಗಿಯೇ 25 ಎಂದು ಬರೆದೆ. ಇಡೀ ತರಗತಿ ನಕ್ಕಿತು. ಅವಳು ಸೀಮೆಸುಣ್ಣ ತೆಗೆದುಕೊಂಡು 52 ಎಂದು ತಿದ್ದಿದಳು.

ಕೊನೆಯ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ಬಂತು. ಒಂದರಲ್ಲಿ ಮತ್ತೆ ತಿರುಗಿಸಿದ್ದಳು. ಅದಕ್ಕೆ ಇನ್ನೂ ಸ್ವಲ್ಪ ದಿನ ಬೇಕು.

ದಾಖಲೆಯಲ್ಲಿ ಬರೆದದ್ದನ್ನು ಹೊಡೆದುಹಾಕುವುದು ಸುಲಭವಿತ್ತು. ಅಜ್ಜಿಯ ಹತ್ತಿರ ಹೋಗುವುದು ಸುಲಭವಿರಲಿಲ್ಲ. ಸಂಜೆ ಗೇಟಿನ ಹತ್ತಿರ ನಿಂತು, ‘ಆಯಿ, ಅವತ್ತು ತಪ್ಪು ಹೇಳಿದ್ಯಾ. ಲೆಕ್ಕ ಆಕಿಗೆ ಬರ್ತದ. ನನಗ ತಿಳಿದಿರಲಿಲ್ಲ’ ಎಂದೆ. ಅಜ್ಜಿ, ‘ನಾ ಅವತ್ತ ಹೇಳಿದ್ನೆಲ್ಲ ಬಾಯಿ’ ಎಂದಷ್ಟೇ ಹೇಳಿ ಮೊಮ್ಮಗಳ ಪಾಟಿಚೀಲ ಹೆಗಲಿಗೆ ಹಾಕಿಕೊಂಡರು.

ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಒಂದು ಕಲಂ ಇದೆ. ಅಲ್ಲಿ ನಾವೆಲ್ಲ, ‘ವಿದ್ಯಾರ್ಥಿಗಳಿಗೆ 1ರಿಂದ 99ರವರೆಗಿನ ಸಂಖ್ಯೆಗಳು ತಿಳಿದಿವೆ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗುತ್ತೇವೆ. ಯಾವ ಭಾಷೆಯಲ್ಲಿ ತಿಳಿದಿವೆ ಎಂಬುದನ್ನು ನಾನು ಈಗ ಕೇಳಿಕೊಂಡು ಬರೆಯುತ್ತಿದ್ದೇನೆ.